ಕೋಳಿಗಳ ಕೊಲೆಸ್ಟ್ರಾಲ್ ಇಳಿಯುತ್ತಿಲ್ಲ: ಮೆಥಿಯೋನಿನ್, ವಿಟಮಿನ್ ಇ ಎರಡೂ ಹಾಕಿಯಾಯಿತು

ಮುಧೋಳದ ಪಂಜರ:
ನಮ್ಮ ತೋಟದಲ್ಲಿ 120 ಮೊಟ್ಟೆ ಕೋಳಿಗಳಿವೆ. ‘ಕೊಲೆಸ್ಟ್ರಾಲ್ ಕಡಿಮೆ ಇರುವ ಮೊಟ್ಟೆ’ ಎಂದು ಮಾರುವ ಆಸೆಯಿಂದ ಎರಡು ತಿಂಗಳಿಂದ ಆಹಾರಕ್ಕೆ ವಿಟಮಿನ್ ಇ, ಮೆಥಿಯೋನಿನ್ (ಪ್ರೋಟೀನಿನ ಒಂದು ಘಟಕ, ಅಮೈನೋ ಆಮ್ಲ), ಬೆಳ್ಳುಳ್ಳಿ ಬೆರೆಸುತ್ತಿದ್ದೇನೆ. ಮೂರು ಕೋಳಿಗಳ ರಕ್ತ ಪರೀಕ್ಷೆ ಮಾಡಿಸಿದರೆ ರಕ್ತದ ಕೊಬ್ಬು, ಅಂದರೆ ಟ್ರೈಗ್ಲಿಸರೈಡ್, ಡೆಸಿಲೀಟರಿಗೆ ಸಾವಿರ ಮಿಲಿಗ್ರಾಂ ದಾಟಿದೆ. ಕಳೆದ ವಾರ ಎರಡು ಕೋಳಿ ಸತ್ತವು, ಅದೇ ಬೆಳಿಗ್ಗೆ ಮೊಟ್ಟೆ ಇಟ್ಟಿದ್ದವು. ಪ್ರಮಾಣ ಹೆಚ್ಚಿಸಬೇಕೇ?

ಬೀಳಗಿ ರೈತ:
ದುಪ್ಪಟ್ಟು ಮಾಡಿ ನೋಡಿ. ಪ್ರೋಟೀನ್ ಬದಲಿಸಿದರೆ ಕೊಲೆಸ್ಟ್ರಾಲ್ ಬದಲಾಗುತ್ತದೆ ಎಂದು ಓದಿದ್ದೇನೆ.

ಹಿಂಡಿ ಲೆಕ್ಕ:
ದುಪ್ಪಟ್ಟು ಬೇಡವೇ ಬೇಡ. ಮೆಥಿಯೋನಿನ್ ಮಿತಿ ಮೀರಿದರೆ ಕೋಳಿ ಮೇವು ಬಿಡುತ್ತದೆ. ನೀವು ಓದಿದ್ದು ಬಹುಶಃ ಮೊಲದ ಪ್ರಯೋಗ: ಹಾಲಿನ ಪ್ರೋಟೀನ್ ಆದ ಕೇಸಿನ್ ತಿಂದ ಮೊಲದಲ್ಲಿ ಕೊಲೆಸ್ಟ್ರಾಲ್ ಏರುತ್ತದೆ, ಸೋಯಾ ಪ್ರೋಟೀನ್ ತಿಂದದ್ದರಲ್ಲಿ ಅಷ್ಟು ಏರುವುದಿಲ್ಲ. ಮೊಲದ ಲೆಕ್ಕವನ್ನು ಕೋಳಿಗೆ ಹಚ್ಚಬಾರದು.

ಮೊಟ್ಟೆ ಇಡುವ ಕೋಳಿಯ ಯಕೃತ್ತು ಈಸ್ಟ್ರೋಜನ್ ಹಾರ್ಮೋನಿನ ಪ್ರಭಾವದಲ್ಲಿ ಮೊಟ್ಟೆಯ ಹಳದಿಗೆ ಬೇಕಾದ ಕೊಬ್ಬನ್ನು ತಯಾರಿಸಿ ರಕ್ತಕ್ಕೆ ಬಿಡುತ್ತದೆ. ಹಾಗಾಗಿ ಅದರ ಟ್ರೈಗ್ಲಿಸರೈಡ್ ಸಾವಿರ ದಾಟುವುದು ಸಹಜ. ಮನುಷ್ಯರ ಅಳತೆಪಟ್ಟಿ ಹಿಡಿದು ವರದಿ ಬರೆದವರ ಮೇಲೆ ನನಗೆ ಸಿಟ್ಟಿದೆ. ನನ್ನ ಚಿಂತೆ ಸಾವಿನದು. ಜುಟ್ಟು ಬಿಳುಚಿತ್ತೇ? ಯಕೃತ್ತು ಹೇಗಿತ್ತು? ಆಹಾರಕ್ಕೆ ಬೇರೆ ಏನು ಸೇರಿಸುತ್ತೀರಿ?

ಮುಧೋಳದ ಪಂಜರ:
ಜುಟ್ಟು ಬಿಳುಚಿತ್ತು. ಪಶುವೈದ್ಯರು ಕೊಯ್ದು ನೋಡಿದಾಗ ಯಕೃತ್ತು ಹಳದಿಯಾಗಿ, ಮುಟ್ಟಿದರೆ ಪುಡಿಯಾಗುವಂತಿತ್ತು. ಹೊಟ್ಟೆಯಲ್ಲಿ ರಕ್ತ ಹೆಪ್ಪುಗಟ್ಟಿತ್ತು. ಖರ್ಚು ಉಳಿಯಲೆಂದು ಮೂರರಲ್ಲಿ ಒಂದು ಪಾಲು ನಮ್ಮದೇ ಮೆಕ್ಕೆಜೋಳದ ನುಚ್ಚು ಬೆರೆಸುತ್ತೇನೆ. ಬಿಸಿಲಿಗೆ ಬೆಲ್ಲದ ನೀರೂ ಕೊಡುತ್ತೇನೆ.

ಹಿಂಡಿ ಲೆಕ್ಕ:
ಸಿಕ್ಕಿತು. ಇದು ಕೊಬ್ಬುಗಟ್ಟಿದ ಯಕೃತ್ತು ಒಡೆದು ರಕ್ತ ಸೋರುವ ರೋಗದ ಚಹರೆ. ಪಂಜರ, ಸೆಕೆ, ಮೈಗೆ ಮಿಕ್ಕುವಷ್ಟು ಶಕ್ತಿ, ಮೂರೂ ಕೂಡಿದರೆ ಬರುತ್ತದೆ. ಸಿದ್ಧ ಆಹಾರದಲ್ಲಿ ಪ್ರೋಟೀನ್ ಶೇ 17ರ ಸುತ್ತ, ಮೆಕ್ಕೆಜೋಳದಲ್ಲಿ ಶೇ 8–9. ಬೆರೆಸಿದಾಗ ಶೇ 14ಕ್ಕೆ ಇಳಿಯಿತು. ಪಿಷ್ಟ ಮಾತ್ರ ಏರಿತು, ಮೇಲೆ ಬೆಲ್ಲ.

ಮೆಥಿಯೋನಿನ್ ಮತ್ತು ಕೋಲಿನ್ ಎಂಬ ಪೋಷಕಾಂಶ ಯಕೃತ್ತಿನಿಂದ ಕೊಬ್ಬು ಹೊರಸಾಗಿಸಲು ನೆರವಾಗುತ್ತವೆ. ಅವು ಸಾಲದಿದ್ದರೆ ಕೊಬ್ಬು ಅಲ್ಲೇ ಉಳಿಯುತ್ತದೆ. ಕಬ್ಬು ಕಡಿದಿಟ್ಟು ಗಾಡಿ ಬಾರದಿದ್ದರೆ ಹೊಲದಲ್ಲೇ ರಾಶಿ ಬೀಳುವುದಿಲ್ಲವೇ, ಹಾಗೆ. ಆದರೆ ದಿನವೂ ಹೊಸ ಕಬ್ಬು ಸುರಿಯುತ್ತಿದ್ದರೆ ನಾಲ್ಕು ಗಾಡಿ ಹೆಚ್ಚಿಸಿ ಏನು ಫಲ? ವಿಟಮಿನ್ ಇ ಆ ಕೊಬ್ಬು ಕಮಟದಂತೆ ಕಾಯುತ್ತದೆಯೇ ಹೊರತು ಕೊಬ್ಬನ್ನು ಇಳಿಸುವುದಿಲ್ಲ. ನುಚ್ಚು, ಬೆಲ್ಲ ನಿಲ್ಲಿಸಿ. ವೈದ್ಯರನ್ನು ಕೇಳಿ ಕೋಲಿನ್ ಸೇರಿಸಿ. ಮೆಕ್ಕೆಜೋಳ ತೇವದಲ್ಲಿತ್ತೇ ಎಂದೂ ನೋಡಿ, ಬೂಸ್ಟಿನ ವಿಷವಾದ ಅಫ್ಲಾಟಾಕ್ಸಿನ್ ಕೂಡ ಯಕೃತ್ತನ್ನು ಹಳದಿಯಾಗಿಸುತ್ತದೆ. ಪ್ರೋಟೀನ್ ಏರಿಸಲೆಂದು ಶೇಂಗಾ ಹಿಂಡಿ ಹಾಕುವುದಾದರೆ, ಅದರಲ್ಲಿ ಮೆಥಿಯೋನಿನ್ ಕಡಿಮೆ, ಅದರ ಮೇಲೆ ಭಾರ ಹಾಕಬೇಡಿ.

ಹಳದಿಯ ಕೊಲೆಸ್ಟ್ರಾಲ್ ಮರಿಯ ಬೆಳವಣಿಗೆಗೆ ಬೇಕಾದದ್ದು. ಒಂದು ಮೊಟ್ಟೆಯಲ್ಲಿ ಸುಮಾರು 190 ಮಿಲಿಗ್ರಾಂ ಇರುತ್ತದೆ, ಮೇವು ಬದಲಿಸಿದರೆ ಅಷ್ಟಾಗಿ ಕದಲುವುದಿಲ್ಲ. ವಿಟಮಿನ್ ಇ ಮಾತ್ರ ಹಳದಿಗೆ ಇಳಿಯುತ್ತದೆ.

ಮುಧೋಳದ ಪಂಜರ (ಐದು ವಾರಗಳ ನಂತರ):
ಆಮೇಲೆ ಒಂದೂ ಸತ್ತಿಲ್ಲ. ಮೆಕ್ಕೆಜೋಳದ ಚೀಲಗಳ ತಳದಲ್ಲಿ ಬೂಸ್ಟೂ ಇತ್ತು, ಎಸೆದೆ. ‘ಕೊಲೆಸ್ಟ್ರಾಲ್ ಕಡಿಮೆ’ ಎಂಬ ಫಲಕಕ್ಕೆ ಬಳಿದ ಬಣ್ಣದ ದುಡ್ಡು ಮಾತ್ರ ಹೋಯಿತು.