ಅಪ್‌ಡೇಟ್: ನಮ್ಮ ಲ್ಯಾಬ್ರಡಾರ್ ನಾಯಿಯ ಕಿವಿ ಮತ್ತು ತೂಕ

ಎರಡು ತಿಂಗಳ ಹಿಂದೆ ಕೇಳಿದ್ದೆ ಅಲ್ವಾ, ಉಡುಪಿಯ ನಮ್ಮ ಮನೆಯ ಲ್ಯಾಬ್ರಡಾರ್ ಸದಾ ಕಿವಿ ಕೆರೆಯುತ್ತಾನೆ, ತೂಕ 41 ಕೆಜಿ ಆಗಿದೆ, ಮನೆ ಊಟ ಹೇಗೆ ಕೊಡಲಿ ಅಂತ?

ಕಿವಿಯೊಳಗೆ ಯೀಸ್ಟ್ ಸೋಂಕು ಇತ್ತು. ಜೋತುಬಿದ್ದ ಕಿವಿ, ಮೇಲಿಂದ ನಮ್ಮ ಮಳೆಗಾಲ, ಒಳಗೆ ಗಾಳಿಯೇ ಆಡುವುದಿಲ್ಲ. ಡಾಕ್ಟರ್ ಕೊಟ್ಟ ಡ್ರಾಪ್ಸ್‌ಗೆ ವಾಸಿಯಾಯಿತು. ಮಲ್ಪೆ ಕಡಲಲ್ಲಿ ಆಡಿ ಬಂದರೆ ಕಿವಿ ಒರೆಸುವ ಡ್ಯೂಟಿ ಈಗ ನನ್ನದು.

ತೂಕದ್ದೇ ದೊಡ್ಡ ಕಥೆ. ಲ್ಯಾಬ್ರಡಾರ್‌ಗಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಪಿಒಎಂಸಿ ಎಂಬ ಜೀನ್‌ನ ಒಂದು ತುಂಡು ಇರುವುದಿಲ್ಲ, ಅದಕ್ಕೇ ಹಸಿವು ಜಾಸ್ತಿ. ನಮ್ಮವನದು ಜೀನೋ, ಅಮ್ಮ ಕದ್ದು ಕೊಡುತ್ತಿದ್ದ ನೀರುದೋಸೆಯೋ, ಗೊತ್ತಿಲ್ಲ! ಈಗ ಕುಚ್ಚಲಕ್ಕಿ ಅನ್ನ ಅರ್ಧಕ್ಕೆ ಇಳಿಸಿದ್ದೇವೆ. ಬೇಯಿಸಿದ ಕೋಳಿ, ಸಿಹಿಗುಂಬಳ, ಬೀನ್ಸ್ ಜಾಸ್ತಿ ಮಾಡಿದ್ದೇವೆ. ವಾರಕ್ಕೆರಡು ಸಲ ಬಂಗುಡೆ, ಬೇಯಿಸಿ ಮುಳ್ಳು ಪೂರ್ತಿ ತೆಗೆದು. ಮೀನು ಸಾರು ಮಾತ್ರ ಬಂದ್. ನೀರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣ ಒಡೆಯುತ್ತವೆ. ಬರೀ ಅನ್ನ-ಮಾಂಸದಲ್ಲಿ ಕ್ಯಾಲ್ಸಿಯಂ ಸಾಲದು, ಅದಕ್ಕೆ ಡಾಕ್ಟರ್ ಹೇಳಿದ ಅಳತೆಯಲ್ಲಿ ಮೊಟ್ಟೆ ಚಿಪ್ಪಿನ ಪುಡಿ.

ಈಗ 38 ಕೆಜಿ. ಮೆಟ್ಟಿಲು ಹತ್ತುವಾಗ ಏದುಸಿರು ಕಡಿಮೆ. ಅಮ್ಮ ಮಾತ್ರ "ಪಾಪ, ಮಗು ಸೊರಗಿದೆ" ಅಂತಾರೆ.