ಸಪ್ರೆಸರ್ ಹಾಕಿದರೂ ಕಿರು ಆರ್‌ಎನ್‌ಎ ಕಡಿಮೆಯಾಗುತ್ತಿಲ್ಲ

ಎಲೆನರ: ಮೂರನೆಯ ಬಾರಿಯೂ ಅದೇ ಫಲಿತಾಂಶ ಬಂದು ದಿಕ್ಕು ತೋಚದಂತಾಗಿದೆ. ಹಸಿರಾಗಿ ಹೊಳೆಯುವ ಪ್ರೋಟೀನಾದ ಜಿಎಫ್‌ಪಿಯ ಜೀನ್ ಮೊದಲೇ ಇರುವ ಬೆಂಥಾಮಿಯಾನಾದ (ತಂಬಾಕಿನ ಬಳಗದ ಗಿಡ) 16ಸಿ ತಳಿಯ ಎಲೆಗೆ ಜಿಎಫ್‌ಪಿಯನ್ನೂ, ಜೀನನ್ನು ಅಡಗಿಸುವ ಸಸ್ಯದ ರಕ್ಷಣೆಯನ್ನು ತಡೆಯುವ ವೈರಸ್ಸಿನ ಸಪ್ರೆಸರ್ ಜೀನನ್ನೂ ಆಗ್ರೋಬ್ಯಾಕ್ಟೀರಿಯಂ ಮೂಲಕ ಸೇರಿಸಿ, ಐದನೆಯ ದಿನ ನಾರ್ದರ್ನ್ ಬ್ಲಾಟ್ (ಆರ್‌ಎನ್‌ಎ ಪತ್ತೆಹಚ್ಚುವ ಪರೀಕ್ಷೆ) ಮಾಡಿದೆ. ಹೋಲಿಕೆಗೆಂದು ಎಚ್‌ಸಿ-ಪ್ರೋ ಎಂಬ ಬೇರೊಂದು ಸಪ್ರೆಸರ್ ಹಾಕಿದ ಎಲೆಯಲ್ಲಿ, ಜಿಎಫ್‌ಪಿಯನ್ನು ಅಡಗಿಸಲು ದಾರಿ ತೋರುವ ಕಿರು ಆರ್‌ಎನ್‌ಎ ಬಹುಮಟ್ಟಿಗೆ ಮಾಯವಾಗಿದೆ. ನನ್ನ ಸಪ್ರೆಸರ್ ಹಾಕಿದ ಎಲೆಯಲ್ಲಿ ಮಾತ್ರ ಪಟ್ಟಿ ಗಾಢವಾಗಿಯೇ ಉಳಿದಿದೆ. ಕ್ಲೋನಿನ ಅನುಕ್ರಮ ಸರಿಯಾಗಿದೆ. ತಪ್ಪು ಎಲ್ಲಿದೆ?

ತಂಪುಕೋಣೆ: ಮೊದಲು ಉಷ್ಣತೆಯನ್ನು ತಿಳಿಸಿ. 15 ಡಿಗ್ರಿಯಲ್ಲಿ ಕಿರು ಆರ್‌ಎನ್‌ಎಯ ಉತ್ಪಾದನೆಯೇ ಕುಗ್ಗುತ್ತದೆ. ಸೆಕೆ ಹೆಚ್ಚಾದರೆ ಆಗ್ರೋಬ್ಯಾಕ್ಟೀರಿಯಂ ಜೀನನ್ನು ಸರಿಯಾಗಿ ದಾಟಿಸುವುದಿಲ್ಲ. ನನ್ನ ಕೋಣೆ ಹಗಲಿರುಳೂ 24 ಡಿಗ್ರಿಯಲ್ಲೇ ನಿಲ್ಲುವುದರಿಂದ ಇಂಥ ತೊಡಕು ಬಂದೇ ಇಲ್ಲ.

ಎಲೆನರ: 23 ಡಿಗ್ರಿ. ಎಲ್ಲವೂ ಒಂದೇ ಗಿಡದ ಎಲೆಗಳು.

ಡೈಸರ್4: ಹಾಗಿದ್ದರೆ ಉಷ್ಣತೆಯ ವಾದ ನಿಲ್ಲದು, ಅದೇ ಗಿಡದಲ್ಲಿ ಎಚ್‌ಸಿ-ಪ್ರೋ ಕೆಲಸ ಮಾಡಿದೆಯಲ್ಲ.

ತಂಪುಕೋಣೆ: ಎಲೆಯ ವಯಸ್ಸು ಬೇರೆಯಾದರೂ ಫಲಿತಾಂಶ ಬದಲಾಗುತ್ತದೆ. ದೀಪಕ್ಕೆ ಹತ್ತಿರವಿರುವ ಎಲೆಯ ಉಷ್ಣತೆಯನ್ನು ಅಳೆದು ನೋಡಿದಿರಾ?

ಡೈಸರ್4: ಅದಿರಲಿ. ಅದು ಯಾವ ವೈರಸ್ಸಿನ ಸಪ್ರೆಸರ್? ನೇರಳಾತೀತ ದೀಪದಡಿ ಎಲೆ ಹೇಗೆ ಕಾಣುತ್ತಿತ್ತು?

ಎಲೆನರ: ಪೊಲೆರೊವೈರಸ್ಸಿನ ಪಿ0. ಎಲೆ ಹಸಿರಾಗಿ ಹೊಳೆಯುತ್ತಿತ್ತು, ಸಪ್ರೆಸರ್ ಇಲ್ಲದ ಖಾಲಿ ವೆಕ್ಟರ್ ಹಾಕಿದ್ದು ಜಿಎಫ್‌ಪಿ ಅಡಗಿ ಕೆಂಪಾಗಿತ್ತು. ಬ್ಲಾಟ್ ಹೆಚ್ಚು ನಂಬಲರ್ಹವೆಂದು ಅದನ್ನು ಬರೆಯಲಿಲ್ಲ.

ಡೈಸರ್4: ನಿಮ್ಮ ಸಪ್ರೆಸರ್ ಕೆಲಸ ಮಾಡುತ್ತಿದೆ! ಪಿ0 ಕಿರು ಆರ್‌ಎನ್‌ಎಯ ತಂಟೆಗೆ ನೇರವಾಗಿ ಹೋಗುವುದೇ ಇಲ್ಲ. ಟೊಂಬಸ್‌ವೈರಸ್ಸಿನ ಪಿ19 ಕಿರು ಆರ್‌ಎನ್‌ಎಯ ಜೋಡಿ ಎಳೆಗಳನ್ನು ಹಿಡಿದಿಟ್ಟುಕೊಂಡರೆ, ಪಿ0 ತನ್ನ ಎಫ್-ಬಾಕ್ಸ್ ಭಾಗದಿಂದ ಪ್ರೋಟೀನುಗಳನ್ನು ನಾಶಕ್ಕೆ ಗುರುತಿಸುವ ಸಸ್ಯದ ಯುಬಿಕ್ವಿಟಿನ್ ವ್ಯವಸ್ಥೆಯನ್ನೇ ಬಳಸಿ, ಕಿರು ಆರ್‌ಎನ್‌ಎಯನ್ನು ಹೊತ್ತು ಗುರಿಯನ್ನು ಕತ್ತರಿಸಬೇಕಾದ ಪ್ರೋಟೀನ್ ಆರ್ಗೊನಾಟ್ 1 ಅನ್ನು, ಅದು ಆ ಹೊರೆಯನ್ನು ಹೊರುವ ಮೊದಲೇ, ನಾಶಕ್ಕೆ ಒಡ್ಡುತ್ತದೆ. ಉದ್ದ ಆರ್‌ಎನ್‌ಎಯಿಂದ ಕಿರು ಆರ್‌ಎನ್‌ಎ ಮಾಡುವ ಕಿಣ್ವವಾದ ಡೈಸರ್ ಕತ್ತರಿಸುತ್ತಲೇ ಇರುವುದರಿಂದ ಪಟ್ಟಿ ಉಳಿಯುತ್ತದೆ, ಆದರೆ ಅದನ್ನು ಬಳಸುವ ಕೈ ಇರುವುದಿಲ್ಲ. ಆರ್ಗೊನಾಟ್ 1ರ ವೆಸ್ಟರ್ನ್ ಬ್ಲಾಟ್ (ಪ್ರೋಟೀನ್ ಪತ್ತೆಹಚ್ಚುವ ಪರೀಕ್ಷೆ) ಮಾಡಿ. ಎಫ್-ಬಾಕ್ಸಿನ ಲ್ಯೂಸಿನ್-ಪ್ರೋಲಿನ್ ಜೋಡಿಯನ್ನು ಅಲನಿನ್‌ಗೆ ಬದಲಿಸಿ ನಿಷ್ಕ್ರಿಯಗೊಳಿಸಿದ ಪಿ0 ಅನ್ನೂ ಹೋಲಿಕೆಗೆ ಇಟ್ಟುಕೊಳ್ಳಿ.

ತಂಪುಕೋಣೆ: ಆದರೂ ಎಲೆಯ ಉಷ್ಣತೆಯನ್ನು ಅಳೆಯದೆ ಯಾವುದನ್ನೂ ಖಚಿತವಾಗಿ ಹೇಳಲಾಗದು.

ಎಲೆನರ: ಅದೇ ಎಲೆಗಳ ತುಣುಕುಗಳು ಮೈನಸ್ 80ರಲ್ಲಿ ಉಳಿದಿವೆ. ಆರ್ಗೊನಾಟ್ 1ರ ಪ್ರತಿಕಾಯ ಸಿಕ್ಕ ಕೂಡಲೇ ನೋಡಿ ಇಲ್ಲೇ ತಿಳಿಸುತ್ತೇನೆ.