ಪ್ರಿವೆಂಟ್ ಎಲ್ಲಿ, ಅವಾಯ್ಡ್ ಎಲ್ಲಿ?

ಪ್ರಶ್ನೆ: ನಮಸ್ತೆ ಮೇಡಂ. ನಾನು ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ನರ್ಸ್. ಹತ್ತಿರದ ಅಪಾರ್ಟ್‌ಮೆಂಟಿನವರು ಡೆಂಗಿ ಬಗ್ಗೆ ಇಂಗ್ಲಿಷಿನಲ್ಲೂ ಒಂದು ನೋಟಿಸ್ ಕೇಳಿದ್ದಾರೆ. ‘ಪ್ರಿವೆಂಟ್ ಮಸ್ಕಿಟೋಸ್ ಟು ನಾಟ್ ಬ್ರೀಡ್. ಅವಾಯ್ಡ್ ಟು ಸ್ಟೋರ್ ವಾಟರ್ ಇನ್ ಓಪನ್ ಡ್ರಮ್ಸ್’ ಅಂತ ಬರೆದಿದ್ದೇನೆ. ಸರಿ ಇದೆಯಾ? ಕನ್ನಡದಲ್ಲಿ ಎರಡಕ್ಕೂ ‘ತಪ್ಪಿಸು’ ಅಂತಲೇ ಅಲ್ವಾ?

ಉತ್ತರ: ಹೇಳಬೇಕಾದ್ದು ತಲುಪುತ್ತದೆ, ಆದರೆ ಎರಡೂ ವಾಕ್ಯ ತಿದ್ದಬೇಕು. ಪ್ರಿವೆಂಟ್ ಅಂದರೆ ಒಂದು ಸಂಗತಿ ನಡೆಯದ ಹಾಗೆ ಮೊದಲೇ ತಡೆಯುವುದು. ಅವಾಯ್ಡ್ ಅಂದರೆ ನಾವೇ ಅದರಿಂದ ದೂರ ಇರುವುದು, ಇಲ್ಲವೇ ಆ ಕೆಲಸ ಮಾಡದೆ ಬಿಡುವುದು. ನಮ್ಮ ‘ತಪ್ಪಿಸು’ ಎರಡು ಕಡೆಯೂ ಸಲ್ಲುತ್ತದೆ, ಗೊಂದಲ ಹುಟ್ಟುವುದು ಅಲ್ಲೇ. ಮನಸ್ಸಿನಲ್ಲಿ ‘ತಪ್ಪಿಸಿಕೊಳ್ಳು’ ಅಂತ ಬಂದರೆ ಸಾಮಾನ್ಯವಾಗಿ ಅವಾಯ್ಡ್ ಬೇಕು. ಟ್ರಾಫಿಕ್ ತಪ್ಪಿಸಿಕೊಳ್ಳೋಕೆ ಬೇಗ ಹೊರಟೆ ಅನ್ನುತ್ತೇವಲ್ಲ, ಅದು ಅವಾಯ್ಡ್. ಟ್ರಾಫಿಕ್ ಅಲ್ಲೇ ಇತ್ತು, ನೀವು ಸಿಕ್ಕಿಹಾಕಿಕೊಳ್ಳಲಿಲ್ಲ ಅಷ್ಟೇ.

ಇನ್ನು ಆ ‘ನಾಟ್’. ಇದನ್ನು ತುಂಬಾ ಜನ ಬರೆಯುತ್ತಾರೆ, ಕಾರಣ ನಮ್ಮ ಕನ್ನಡವೇ. ‘ಮೊಟ್ಟೆ ಇಡದಂತೆ ತಡೆಯಿರಿ’ ಅನ್ನುವಾಗ ‘ಇಡದಂತೆ’ಯಲ್ಲೇ ಇಲ್ಲ ಅನ್ನುವುದು ಕೂತಿದೆ. ಇಂಗ್ಲಿಷಿನಲ್ಲಿ ಆ ಕೆಲಸವನ್ನು ಪ್ರಿವೆಂಟ್ ಒಂದೇ ಮಾಡುತ್ತದೆ. ಅದರ ಜೊತೆ ನಾಟ್ ಹಾಕಿದರೆ ಅರ್ಥವೇ ತಿರುಗಿಬಿಡುತ್ತದೆ. ಪ್ರಿವೆಂಟ್ ಆದ ಮೇಲೆ ಟು ಬೇಡ, ‘ಫ್ರಮ್’ ಹಾಕಿ ಕ್ರಿಯಾಪದಕ್ಕೆ ‘ಇಂಗ್’ ಸೇರಿಸಿ. ಅವಾಯ್ಡ್‌ಗೆ ನೇರವಾಗಿ ‘ಇಂಗ್’ ಸಾಕು.

ಹೀಗೆ ಬರೆಯಿರಿ: ‘ಪ್ರಿವೆಂಟ್ ಮಸ್ಕಿಟೋಸ್ ಫ್ರಮ್ ಬ್ರೀಡಿಂಗ್. ಅವಾಯ್ಡ್ ಸ್ಟೋರಿಂಗ್ ವಾಟರ್ ಇನ್ ಓಪನ್ ಡ್ರಮ್ಸ್.’ ಡ್ರಮ್ಮಿನ ಒಳಗೋಡೆ ಉಜ್ಜಬೇಕು ಅನ್ನುವುದನ್ನೂ ಸೇರಿಸಿ. ಡೆಂಗಿ ಹರಡುವ ಈಡಿಸ್ ಸೊಳ್ಳೆ ನೀರಿನ ಅಂಚಿಗೆ, ಗೋಡೆಗೆ ಅಂಟಿಸಿ ಮೊಟ್ಟೆ ಇಡುತ್ತದೆ. ಸುಮ್ನೆ ನೀರು ಚೆಲ್ಲಿದರೆ ಮೊಟ್ಟೆ ಅಲ್ಲೇ ಉಳಿಯುತ್ತದೆ, ಒಣಗಿದರೂ ತಿಂಗಳುಗಟ್ಟಲೆ ಬದುಕುತ್ತದೆ. ನಿಮಗೆ ಇದು ಗೊತ್ತಿರುತ್ತದೆ, ಓದುವವರಿಗೆ ಗೊತ್ತಿರಲಿಕ್ಕಿಲ್ಲ.

ಪ್ರಶ್ನೆ: ಮೇಡಂ, ಬ್ರಿಟಿಷ್ ಪತ್ರಿಕೆಗಳಲ್ಲಿ ಫ್ರಮ್ ಇಲ್ಲದೆಯೂ ಓದಿದ್ದೇನೆ. ತಪ್ಪಾ?

ಉತ್ತರ: ತಪ್ಪಲ್ಲ. ಬ್ರಿಟನ್ನಿನಲ್ಲಿ ಫ್ರಮ್ ಬಿಡುವುದುಂಟು, ಅಮೆರಿಕದಲ್ಲಿ ಬಿಡುವುದಿಲ್ಲ. ನೀವು ಇಟ್ಟುಕೊಳ್ಳಿ, ಎರಡೂ ಕಡೆ ನಡೆಯುತ್ತದೆ.

ಪ್ರಶ್ನೆ: ನಾನು ಕಾನೂನು ವಿದ್ಯಾರ್ಥಿ. 1988ರ ಭ್ರಷ್ಟಾಚಾರ ಕಾಯ್ದೆಯ ಹೆಸರಿನಲ್ಲಿ ಪ್ರಿವೆನ್ಷನ್ ಇದೆ, 2006ರ ಬಾಲ್ಯವಿವಾಹ ಕಾಯ್ದೆಯಲ್ಲಿ ಪ್ರೊಹಿಬಿಷನ್. ವ್ಯತ್ಯಾಸ ಏನು?

ಉತ್ತರ: ಒಳ್ಳೆಯ ಪ್ರಶ್ನೆ. ಪ್ರೊಹಿಬಿಟ್ ಅಂದರೆ ‘ಮಾಡಬಾರದು’ ಅಂತ ಕಟ್ಟಪ್ಪಣೆ ಮಾಡುವುದು. ಅಪ್ಪಣೆ ಇದ್ದರೂ ಮೀರುವವರು ಮೀರುತ್ತಾರೆ. ಪ್ರಿವೆಂಟ್ ಮಾಡಿದ್ದಾರೆ ಅಂದರೆ ಮಾತ್ರ ಅದು ನಡೆದೇ ಇಲ್ಲ ಅಂತ ಅರ್ಥ. ಹೆಸರಿನ ಮಟ್ಟಿಗೆ ಕಾಯ್ದೆಗಳು ಇಷ್ಟು ಕಟ್ಟುನಿಟ್ಟಾಗಿಲ್ಲ, ಆದರೆ 2006ರ ಕಾಯ್ದೆಯ ಒಳಗೆ ಎರಡೂ ಪದ ತಮ್ಮ ತಮ್ಮ ಜಾಗದಲ್ಲಿವೆ. ಮದುವೆ ಬೇಡ ಅಂತ ಕೋರ್ಟು ತಡೆಯಾಜ್ಞೆ ಕೊಡುವ ಕಡೆ ಪ್ರೊಹಿಬಿಟ್. ಅಧಿಕಾರಿ ಹೋಗಿ ಮದುವೆ ನಿಲ್ಲಿಸಬೇಕಾದ ಕಡೆ ಪ್ರಿವೆಂಟ್. 13ನೇ ಸೆಕ್ಷನ್ ಓದಿ. ಅಕ್ಷಯ ತೃತೀಯದಂಥ ದಿನ ಸಾಮೂಹಿಕ ಬಾಲ್ಯವಿವಾಹ ನಡೆಯದಂತೆ ನೋಡಿಕೊಳ್ಳುವ ಹೊಣೆಯನ್ನು ಅದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೇ ಕೊಟ್ಟಿದೆ. ಅಲ್ಲಿರುವ ಪದ ‘ಪ್ರಿವೆಂಟಿಂಗ್’.